ಹೊಟ್ಟೆಯ ಮಹಾಪಧಮನಿಯ ಉಬ್ಬು: ವೈದ್ಯರೂ ನಾನೂ ಕೂಡಿ ತೀರ್ಮಾನಿಸಿದ ಬಗೆ

ನನ್ನ ಹೊಟ್ಟೆಯ ಮಹಾಪಧಮನಿಯ ಶಸ್ತ್ರಚಿಕಿತ್ಸೆ ಮುಗಿದು ಈಗ ನಾಲ್ಕು ತಿಂಗಳಾಗಿದೆ. ಮೊದಲ ಸ್ಕ್ಯಾನಿಂಗ್ ಆದ ದಿನದಿಂದ ಆಪರೇಷನ್ ಆಗುವವರೆಗೆ ಸುಮಾರು ಒಂದೂವರೆ ವರ್ಷ ಹಿಡಿಯಿತು. ಅದರಲ್ಲಿ ಆಸ್ಪತ್ರೆಯ ಹಾಸಿಗೆಯಲ್ಲಿ ಕಳೆದದ್ದು ಕೆಲವೇ ದಿನ, ಉಳಿದದ್ದೆಲ್ಲ ಕಾಯುವುದರಲ್ಲಿ ಮತ್ತು ಏನು ಮಾಡಬೇಕೆಂದು ತೀರ್ಮಾನಿಸುವುದರಲ್ಲಿ ಕಳೆಯಿತು. ಇದೇ ದಾರಿಯಲ್ಲಿ ಈಗಷ್ಟೇ ಕಾಲಿಟ್ಟಿರುವವರಿಗೂ ಅವರ ಮನೆಯವರಿಗೂ ನಾನು ತಡವಾಗಿ ತಿಳಿದುಕೊಂಡ ಸಂಗತಿಗಳು ಮೊದಲೇ ಗೊತ್ತಿರಲಿ ಎಂಬ ಆಸೆಯಿಂದ, ನೆನಪು ಮಾಸುವ ಮುನ್ನ ಬರೆಯುತ್ತಿದ್ದೇನೆ. ನಾನು ವೈದ್ಯಳಲ್ಲ, 67 ವರ್ಷದ ನಿವೃತ್ತ ಶಾಲಾ ಶಿಕ್ಷಕಿ. ಇಲ್ಲಿರುವ ಅಂಕಿಗಳೆಲ್ಲ ವೈದ್ಯರು ನನಗೆ ವಿವರಿಸಿದವು ಮತ್ತು ಆಮೇಲೆ ನಾನು ಓದಿ ಖಚಿತಪಡಿಸಿಕೊಂಡವು.

ಪಿತ್ತಕೋಶದಲ್ಲಿ ಕಲ್ಲಿರಬಹುದೆಂಬ ಅನುಮಾನದಿಂದ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಲು ಹೋಗಿದ್ದೆ. ಸ್ಕ್ಯಾನ್ ಮಾಡುತ್ತಿದ್ದ ಹೆಣ್ಣುಮಗಳು ಅಲ್ಲಿಯವರೆಗೆ ನನ್ನೊಂದಿಗೆ ಮಾತನಾಡುತ್ತಿದ್ದವಳು ಒಮ್ಮೆಲೇ ಸುಮ್ಮನಾದಳು. ಅವಳ ಕೈ ಹೊಕ್ಕುಳಿನ ಮೇಲ್ಭಾಗದಲ್ಲಿ ನಿಂತು, ಅದೇ ಜಾಗವನ್ನು ಮೂರು ಸಲ ಅಳೆಯಿತು. ಪಿತ್ತಕೋಶದಲ್ಲಿ ಕಲ್ಲು ಇರಲಿಲ್ಲ. ರಿಪೋರ್ಟಿನ ಕೊನೆಯ ಸಾಲಿನಲ್ಲಿ, ಮೂತ್ರಪಿಂಡಗಳಿಗೆ ಹೋಗುವ ರಕ್ತನಾಳಗಳ ಕೆಳಗೆ ಮಹಾಪಧಮನಿ 4.6 ಸೆಂಟಿಮೀಟರಿನಷ್ಟು ಹಿಗ್ಗಿದೆ ಎಂದು ಬರೆದಿತ್ತು. ಹೃದಯದಿಂದ ಹೊರಟು ಬೆನ್ನುಮೂಳೆಯ ಮುಂದೆ ಇಳಿದು ಕಾಲುಗಳಿಗೆ ಕವಲೊಡೆಯುವ ಈ ದೊಡ್ಡ ನಾಳ ಹೊಟ್ಟೆಯ ಭಾಗದಲ್ಲಿ ಸಾಮಾನ್ಯವಾಗಿ ಸುಮಾರು 2 ಸೆಂಟಿಮೀಟರ್ ಅಗಲವಿರುತ್ತದೆ. 3 ಸೆಂಟಿಮೀಟರ್ ಮುಟ್ಟಿದರೆ ಅದನ್ನು ಅನ್ಯೂರಿಸಂ, ಅಂದರೆ ಉಬ್ಬು, ಎಂದು ಕರೆಯುತ್ತಾರೆ. ನನಗೆ ನೋವಿರಲಿಲ್ಲ, ಸುಸ್ತಿರಲಿಲ್ಲ, ಯಾವ ಸುಳಿವೂ ಇರಲಿಲ್ಲ. ಬಹಳಷ್ಟು ಜನರಿಗೆ ಇದು ಹೀಗೆಯೇ, ಬೇರೇನನ್ನೋ ಹುಡುಕುವಾಗ ಕಣ್ಣಿಗೆ ಬೀಳುತ್ತದಂತೆ.

ಆ ರಿಪೋರ್ಟ್ ಹಿಡಿದು ಮೊದಲು ಕಂಡ ವೈದ್ಯರು ಐದು ನಿಮಿಷವೂ ಮಾತನಾಡಲಿಲ್ಲ. ಹೊಟ್ಟೆಯೊಳಗೆ ಬಾಂಬ್ ಇಟ್ಟುಕೊಂಡಂತೆ ಎಂದರು, ಕೂಡಲೇ ಸ್ಟೆಂಟ್ ಹಾಕಿಸಿಕೊಳ್ಳಬೇಕು ಎಂದರು, ಮುಂದಿನ ವಾರವೇ ದಾಖಲಾಗುವಂತೆ ಚೀಟಿ ಬರೆದುಕೊಟ್ಟರು. ನನ್ನ ಕೈಕಾಲು ತಣ್ಣಗಾದವು. ಮನೆಗೆ ಬಂದು ಎರಡು ದಿನ ಕೆಮ್ಮಲೂ ಬಗ್ಗಲೂ ಹೆದರಿದೆ. ನಾಲ್ಕು ವರ್ಷದ ಹಿಂದೆ ಪಾರ್ಶ್ವವಾಯು ಬಡಿದು ಬಲಭಾಗದ ಸ್ವಾಧೀನ ಕಳೆದುಕೊಂಡಿರುವ ನನ್ನ ಯಜಮಾನರನ್ನು ಬೆಳಿಗ್ಗೆ ಹಾಸಿಗೆಯಿಂದ ಎಬ್ಬಿಸಿ ಕುಳ್ಳಿರಿಸುವಾಗ ಉಸಿರು ಬಿಗಿಹಿಡಿದೆ. ಅಂಥ ಮಾತು ಕೇಳಿದ ಮನುಷ್ಯ ಯೋಚಿಸುವ ಶಕ್ತಿಯನ್ನೇ ಕಳೆದುಕೊಳ್ಳುತ್ತಾನೆ ಎಂಬುದು ನನ್ನ ಅನುಭವ. ಹೆದರಿದವರಿಂದ ಸಹಿ ಪಡೆಯುವುದು ಸುಲಭ. ಅದನ್ನು ತೀರ್ಮಾನ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ನನ್ನ ಮಗಳ ಒತ್ತಾಯದಿಂದ ಎರಡನೆಯ ಅಭಿಪ್ರಾಯಕ್ಕೆಂದು ರಕ್ತನಾಳಗಳ ಶಸ್ತ್ರಚಿಕಿತ್ಸೆಯನ್ನೇ ಮಾಡುವ ತಜ್ಞರೊಬ್ಬರನ್ನು ಕಂಡೆ. ಅವರ ಭೇಟಿಗೆ ಮೂರು ವಾರ ಕಾಯಬೇಕಾಯಿತು. ಅವರು ಮೊದಲು ಕೇಳಿದ್ದು, "ನಿಮಗೆ ಈವರೆಗೆ ಯಾರು ಏನು ಹೇಳಿದ್ದಾರೆ? ನಿಮಗೆ ಯಾವುದರ ಭಯ?" ಎಂದು. ನಾನು ಬಾಂಬಿನ ಮಾತು ಹೇಳಿದೆ. ಅವರು ತಲೆಯಾಡಿಸಿ, 5.5 ಸೆಂಟಿಮೀಟರಿಗಿಂತ ಚಿಕ್ಕದಾದ ಉಬ್ಬು ಒಂದು ವರ್ಷದೊಳಗೆ ಒಡೆಯುವ ಸಾಧ್ಯತೆ ಒಟ್ಟಾರೆ ಲೆಕ್ಕದಲ್ಲಿ ನೂರಕ್ಕೆ ಒಂದರ ಆಸುಪಾಸಿನಲ್ಲಿರುತ್ತದೆ, ಆಪರೇಷನ್ನಿನ ಅಪಾಯ ಅದಕ್ಕಿಂತ ದೊಡ್ಡದು ಎಂದು ವಿವರಿಸಿದರು. 1998ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ 4ರಿಂದ 5.5 ಸೆಂಟಿಮೀಟರ್ ಉಬ್ಬಿದ್ದ 1090 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಬೇಗನೆ ಆಪರೇಷನ್ ಮಾಡಿ, ಇನ್ನೊಂದನ್ನು ಸ್ಕ್ಯಾನಿಂಗ್ ಮಾಡುತ್ತ ಕಾದು ನೋಡಿದರು. ಬೇಗ ಆಪರೇಷನ್ ಮಾಡಿಸಿಕೊಂಡವರು ಕಾದವರಿಗಿಂತ ಹೆಚ್ಚು ಕಾಲವೇನೂ ಬದುಕಲಿಲ್ಲ. 2002ರಲ್ಲಿ ಬಂದ ಅಮೆರಿಕದ ಅಧ್ಯಯನವೂ ಅದನ್ನೇ ಹೇಳಿತು. ಆದ್ದರಿಂದ ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಮಾಡಿಸುತ್ತ ಕಾಯುವುದೇ ಈ ಹಂತದ ಚಿಕಿತ್ಸೆ ಎಂದರು. ಕಾಯುವುದನ್ನೂ ಚಿಕಿತ್ಸೆ ಎನ್ನುತ್ತಾರೆಂದು ನನಗೆ ಅಂದೇ ತಿಳಿದದ್ದು.

ಆದರೆ ಕಾಯುವುದು ಹೇಳಿದಷ್ಟು ಸುಲಭವಲ್ಲ. ಪ್ರತಿ ಸ್ಕ್ಯಾನಿಂಗಿಗೆ ಒಂದು ವಾರ ಇರುವಾಗಲೇ ನಿದ್ದೆ ಹೋಗುತ್ತಿತ್ತು. ಆ ಅವಧಿಯಲ್ಲಿ ಮಾಡಬೇಕಾದ ಕೆಲಸಗಳಿವೆ: ರಕ್ತದೊತ್ತಡವನ್ನು ಹಿಡಿತದಲ್ಲಿ ಇಡಬೇಕು, ಬೀಡಿ ಸಿಗರೇಟಿನ ಅಭ್ಯಾಸವಿದ್ದರೆ ಬಿಡಲೇಬೇಕು, ಏಕೆಂದರೆ ಉಬ್ಬು ಹುಟ್ಟುವುದಕ್ಕೂ ಬೇಗ ಬೆಳೆಯುವುದಕ್ಕೂ ಧೂಮಪಾನದಷ್ಟು ದೊಡ್ಡ ಕಾರಣ ಬೇರಿಲ್ಲ. ಬೇರೆ ಯಾವ ವೈದ್ಯರಲ್ಲಿಗೆ ಹೋದರೂ ಈ ಉಬ್ಬಿನ ವಿಷಯ ಮೊದಲೇ ಹೇಳಬೇಕು. ಫ್ಲೋರೋಕ್ವಿನೊಲೋನ್ ಗುಂಪಿನ ಆ್ಯಂಟಿಬಯೋಟಿಕ್‌ಗಳನ್ನು ಇಂಥವರಿಗೆ ಬೇರೆ ಔಷಧವಿದ್ದರೆ ಕೊಡಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರ ಡಿಸೆಂಬರಿನಲ್ಲಿ ಎಚ್ಚರಿಸಿದೆ. ಹೊಟ್ಟೆಯಲ್ಲೋ ಬೆನ್ನಿನಲ್ಲೋ ಇದ್ದಕ್ಕಿದ್ದಂತೆ ತೀವ್ರ ನೋವು ಬಂದು ತಲೆ ಸುತ್ತಿದರೆ, ಯಾರ ಅಭಿಪ್ರಾಯಕ್ಕೂ ಕಾಯದೆ, ರಕ್ತನಾಳದ ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. "ಮಹಾಪಧಮನಿ ಉಬ್ಬಿದೆ" ಎಂದು ಅಳತೆ ಸಮೇತ ಬರೆದ ಚೀಟಿಯೊಂದನ್ನು ನಾನು ಸದಾ ಪರ್ಸಿನಲ್ಲಿ ಇಟ್ಟುಕೊಂಡಿದ್ದೆ.

ಮನೆತನದ ಚರಿತ್ರೆ ಕೇಳಿದಾಗ ನನ್ನ ಅಣ್ಣನ ನೆನಪಾಯಿತು. ಆತ 70ನೆಯ ವಯಸ್ಸಿನಲ್ಲಿ ಬೆನ್ನುನೋವೆಂದು ಮಲಗಿದವನು ಸಂಜೆಯೊಳಗೆ ತೀರಿಕೊಂಡಿದ್ದ. ಹೃದಯಾಘಾತವೆಂದು ನಾವೆಲ್ಲ ನಂಬಿದ್ದೆವು. ಅದು ಏನಾಗಿತ್ತೆಂದು ಈಗ ಯಾರೂ ಹೇಳಲಾರರು. ಆದರೂ ಒಡಹುಟ್ಟಿದವರು ಮತ್ತು ಮಕ್ಕಳು ಒಮ್ಮೆ ಅಲ್ಟ್ರಾಸೌಂಡ್ ಮಾಡಿಸಿಕೊಳ್ಳುವುದು ಒಳ್ಳೆಯದೆಂದು ವೈದ್ಯರು ಹೇಳಿದರು. ಈ ಸಲಹೆಯನ್ನು ದಯವಿಟ್ಟು ಯಾರೂ ಹಗುರವಾಗಿ ತೆಗೆದುಕೊಳ್ಳಬೇಡಿ.

ಆರು ತಿಂಗಳಿಗೆ 4.8 ಆಯಿತು. ವರ್ಷಕ್ಕೆ 5.1 ಆಯಿತು. ಈ ನಡುವೆ ಒಮ್ಮೆ ಬೇರೊಂದು ಕಡೆ ಸ್ಕ್ಯಾನಿಂಗ್ ಮಾಡಿಸಿದಾಗ 4.5 ಬಂದು, ಉಬ್ಬು ಇಳಿದೇಹೋಯಿತೆಂದು ಸಂತೋಷಪಟ್ಟಿದ್ದೆ. ಅದು ಬರೀ ಅಳತೆಯ ವ್ಯತ್ಯಾಸ. ನಾಳದ ಗೋಡೆಯ ಒಳಅಂಚಿನಿಂದ ಅಳೆದರೆ ಒಂದು ಲೆಕ್ಕ, ಹೊರಅಂಚಿನಿಂದ ಅಳೆದರೆ ಇನ್ನೊಂದು, ಸಿ.ಟಿ.ಯಲ್ಲಿ ಸಾಮಾನ್ಯವಾಗಿ ಅಲ್ಟ್ರಾಸೌಂಡಿಗಿಂತ ಕೆಲವು ಮಿಲಿಮೀಟರ್ ಹೆಚ್ಚೇ ಬರುತ್ತದೆ. ಆದ್ದರಿಂದ ಸಾಧ್ಯವಾದಷ್ಟು ಒಂದೇ ಕಡೆ, ಒಂದೇ ವಿಧಾನದಲ್ಲಿ ಅಳೆಸಿ, ಎಲ್ಲ ರಿಪೋರ್ಟುಗಳನ್ನೂ ತಾರೀಖಿನ ಪ್ರಕಾರ ಒಂದೇ ಫೈಲಿನಲ್ಲಿಡಿ.

5.1 ಆದ ಮೇಲೆ ಸಿ.ಟಿ. ಆಂಜಿಯೋಗ್ರಾಂ ಆಗಬೇಕೆಂದರು. ಅದಕ್ಕೆ ನಾಳದೊಳಗೆ ಕಾಂಟ್ರಾಸ್ಟ್ ಔಷಧ ಚುಚ್ಚಬೇಕು, ಅದು ಮೂತ್ರಪಿಂಡಕ್ಕೆ ಭಾರವಾಗಬಹುದು, ಹಾಗಾಗಿ ಮೊದಲು ಕ್ರಿಯಾಟಿನಿನ್ ಪರೀಕ್ಷೆ. ನನ್ನ ಮೂತ್ರಪಿಂಡಗಳ ಕೆಲಸ ಸ್ವಲ್ಪ ಕುಗ್ಗಿದೆಯೆಂದು ಆಗಲೇ ಗೊತ್ತಾದದ್ದು. ಎರಡು ವಾರ ಔಷಧ ಬದಲಿಸಿ, ನೀರು ಹೆಚ್ಚಿಸಿ, ಮತ್ತೆ ಪರೀಕ್ಷೆ ಮಾಡಿಸಿ, ಆಮೇಲೆ ಸಿ.ಟಿ. ಮಾಡಿಸಿದ್ದಾಯಿತು. ಉಬ್ಬು 5.3 ಸೆಂಟಿಮೀಟರ್ ಇತ್ತು. ರಿಪೋರ್ಟಿನ ಹಾಳೆಯಷ್ಟೇ ಸಾಲದು, ಚಿತ್ರಗಳಿರುವ ಸಿ.ಡಿ.ಯನ್ನೂ ಕೇಳಿ ಪಡೆಯಿರಿ; ಸ್ಟೆಂಟ್ ಕೂರುತ್ತದೆಯೋ ಇಲ್ಲವೋ ಎಂಬುದನ್ನು ಶಸ್ತ್ರಚಿಕಿತ್ಸಕರು ಆ ಚಿತ್ರಗಳಿಂದಲೇ ಅಳೆಯುತ್ತಾರೆ. ನಾನು ಅದನ್ನು ಮರೆತು ಹೋಗಿ ಒಂದು ಭೇಟಿ ವ್ಯರ್ಥವಾಯಿತು.

ಮುಖ್ಯವಾದ ಭೇಟಿಗೆ ಮಗಳನ್ನು ಕರೆದುಕೊಂಡು ಹೋದೆ. ನಾನು ಕೇಳುವುದು, ಅವಳು ಬರೆದುಕೊಳ್ಳುವುದು ಎಂದು ಮೊದಲೇ ಮಾತಾಗಿತ್ತು. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಬಹುದೇ ಎಂದು ಕೇಳಿದಾಗ ವೈದ್ಯರು ಸಂತೋಷದಿಂದ ಒಪ್ಪಿದರು. ನಾಲ್ಕು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದೊಯ್ದಿದ್ದೆ: ಇದರಿಂದ ಲಾಭವೇನು, ಅಪಾಯವೇನು, ಬೇರೆ ದಾರಿ ಏನಿದೆ, ಏನೂ ಮಾಡದಿದ್ದರೆ ಏನಾಗುತ್ತದೆ. ವೈದ್ಯರು ಚೀಟಿ ನೋಡಿ, ತಮ್ಮ ಕುರ್ಚಿಯನ್ನು ಮೇಜಿನ ಈಚೆಗೆ ಎಳೆದುಕೊಂಡು, ಒಂದು ಬಿಳಿ ಹಾಳೆಯ ಮೇಲೆ ನೀಲಿ ಪೆನ್ನಿನಿಂದ ಎರಡು ಕಾಲು ಚಾಚಿ ನಿಂತ ಮನುಷ್ಯನಂಥ ಕವಲು ನಾಳವನ್ನೂ ಅದರ ನಡುವೆ ಒಂದು ಮಡಕೆಯನ್ನೂ ಬರೆದರು. ಮಡಕೆಯ ಕುತ್ತಿಗೆಗೆ, ಅಂದರೆ ಉಬ್ಬಿನ ಮೇಲಿರುವ ಹಿಗ್ಗದ ಭಾಗಕ್ಕೆ, ಅಡ್ಡಗೆರೆ ಎಳೆದು, "ಎಲ್ಲ ಲೆಕ್ಕವೂ ಈ ಕುತ್ತಿಗೆಯ ಮೇಲೆ ನಿಂತಿದೆ" ಎಂದರು.

ಹಾಳೆಯ ಕೆಳಗೆ ಮೂರು ದಾರಿ ಬರೆದರು. ಒಂದು, ಇನ್ನೂ ಕಾಯುವುದು. ಎರಡು, ತೊಡೆಸಂದಿಯ ನಾಳಗಳ ಮೂಲಕ ಸ್ಟೆಂಟ್ ಗ್ರಾಫ್ಟ್ ಏರಿಸಿ ಉಬ್ಬಿನ ಒಳಗಡೆಯೇ ಹೊಸ ಕೊಳವೆ ಕೂರಿಸುವುದು. ಇದಕ್ಕೆ ಈವಾರ್ ಎನ್ನುತ್ತಾರೆ, 1990ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಹುವಾನ್ ಪರೋದಿ ಎಂಬ ಶಸ್ತ್ರಚಿಕಿತ್ಸಕರು ಹೊಟ್ಟೆಯ ಉಬ್ಬಿಗೆ ಇದನ್ನು ಮೊದಲು ಮಾಡಿದರಂತೆ. ಮೂರು, ಹೊಟ್ಟೆ ತೆರೆದು, ನಾಳಕ್ಕೆ ಮೇಲೂ ಕೆಳಗೂ ಕ್ಲ್ಯಾಂಪ್ ಹಾಕಿ, ಉಬ್ಬಿದ ಭಾಗದಲ್ಲಿ ಪಾಲಿಯೆಸ್ಟರ್ ಕೊಳವೆಯನ್ನು ಹೊಲಿಯುವುದು. ಸ್ಟೆಂಟಿನವರು ಎರಡು ಮೂರು ದಿನದಲ್ಲಿ ಮನೆಗೆ ಹೋಗುತ್ತಾರೆ, ಕೆಲವು ವಾರಗಳಲ್ಲಿ ಮೊದಲಿನಂತಾಗುತ್ತಾರೆ. ತೆರೆದ ಆಪರೇಷನ್ನಿನವರು ಒಂದು ವಾರದಿಂದ ಹತ್ತು ದಿನ ಆಸ್ಪತ್ರೆಯಲ್ಲಿದ್ದು, ಪೂರ್ತಿ ಚೇತರಿಸಿಕೊಳ್ಳಲು ಎರಡು ಮೂರು ತಿಂಗಳು ಬೇಕು. ಬ್ರಿಟನ್ನಿನಲ್ಲಿ ನಡೆದು 2004ರಲ್ಲಿ ಮೊದಲ ಫಲಿತಾಂಶ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಆಪರೇಷನ್ ಆದ 30 ದಿನದೊಳಗೆ ತೀರಿಕೊಂಡವರು ಸ್ಟೆಂಟಿನ ಗುಂಪಿನಲ್ಲಿ ಶೇಕಡ 1.7, ತೆರೆದ ಆಪರೇಷನ್ನಿನ ಗುಂಪಿನಲ್ಲಿ ಶೇಕಡ 4.7. ಶೇಕಡಾವಾರು ನನಗೆ ಅರ್ಥವಾದರೂ ಮನಸ್ಸಿಗೆ ತಟ್ಟಲಿಲ್ಲ. ಆಗ ಅವರು ನೂರು ಚುಕ್ಕೆಗಳ ಅಚ್ಚು ಹಾಳೆಯೊಂದನ್ನು ತೆಗೆದು ಐದು ಚುಕ್ಕೆಗಳನ್ನು ತುಂಬಿದರು, ಇನ್ನೊಂದರಲ್ಲಿ ಎರಡನ್ನು. ತುಂಬಿದ ಚುಕ್ಕೆಗಳನ್ನೂ ಖಾಲಿ ಉಳಿದ ತೊಂಬತ್ತೈದನ್ನೂ ಒಟ್ಟಿಗೆ ನೋಡಿದಾಗ ನನ್ನ ಉಸಿರು ಸ್ವಲ್ಪ ಹಗುರಾಯಿತು.

ಅಲ್ಲಿಗೇ ನಿಲ್ಲಿಸಿದ್ದರೆ ಯಾರಾದರೂ ಸ್ಟೆಂಟನ್ನೇ ಆರಿಸಿಕೊಳ್ಳುತ್ತಾರೆ. ಅವರು ಅಲ್ಲಿಗೆ ನಿಲ್ಲಿಸಲಿಲ್ಲ. ಅದೇ ಅಧ್ಯಯನದ ಜನರನ್ನು ಹದಿನೈದು ವರ್ಷದವರೆಗೆ ಹಿಂಬಾಲಿಸಿ 2016ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಮೊದಲಿದ್ದ ಅನುಕೂಲ ಕೆಲವೇ ವರ್ಷಗಳಲ್ಲಿ ಕರಗಿಹೋಗಿ, ಎಂಟು ವರ್ಷದ ನಂತರ ಸ್ಟೆಂಟಿನ ಗುಂಪಿನಲ್ಲೇ ಸಾವು ಹೆಚ್ಚಾಗಿತ್ತು. ಸ್ಟೆಂಟಿನ ಅಂಚಿನಿಂದಲೋ ಪಕ್ಕದ ಸಣ್ಣ ನಾಳಗಳಿಂದಲೋ ಉಬ್ಬಿನೊಳಗೆ ರಕ್ತ ಸೋರಬಹುದು, ಅಪರೂಪಕ್ಕೆ ಉಬ್ಬು ಆಮೇಲೂ ಒಡೆಯಬಹುದು. ಅದಕ್ಕಾಗಿಯೇ ಸ್ಟೆಂಟ್ ಹಾಕಿಸಿಕೊಂಡವರು ಜೀವನಪರ್ಯಂತ ಸ್ಕ್ಯಾನಿಂಗ್ ಮಾಡಿಸುತ್ತಿರಬೇಕು, ಕೆಲವರಿಗೆ ಮತ್ತೆ ಚಿಕಿತ್ಸೆ ಬೇಕಾಗುತ್ತದೆ. ಸ್ಟೆಂಟ್ ಕಚ್ಚಿ ಕೂರಬೇಕಾದ ನನ್ನ ಉಬ್ಬಿನ ಕುತ್ತಿಗೆ ಗಿಡ್ಡ, ಕಾಲಿನ ಕಡೆಯ ನಾಳಗಳು ಸಣ್ಣ. ಸ್ಟೆಂಟ್ ಸಾಧ್ಯ, ಆದರೆ ಅಂಚಿನಲ್ಲಿದೆ ಎಂದರು.

ಆಗ ನನ್ನ ಮಗಳು, ಚೀಟಿಯಲ್ಲಿ ಇಲ್ಲದ ಪ್ರಶ್ನೆಯೊಂದನ್ನು ಕೇಳಿದಳು: "ಡಾಕ್ಟರೇ, ಈ ಅಧ್ಯಯನಗಳಲ್ಲಿ ಅಮ್ಮನಂಥವರು ಎಷ್ಟು ಜನ ಇದ್ದರು?" ವೈದ್ಯರು ಪೆನ್ನು ಕೆಳಗಿಟ್ಟು, "ಬಹಳ ಕಡಿಮೆ" ಎಂದರು. ಸ್ಟೆಂಟಿನ ಅಧ್ಯಯನದಲ್ಲಿ ಹತ್ತರಲ್ಲಿ ಒಂಬತ್ತು ಜನ ಗಂಡಸರು. 2002ರ ಅಮೆರಿಕದ ಅಧ್ಯಯನದಲ್ಲಿ ಹೆಂಗಸರು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. 5.5 ಎಂಬ ಗಡಿ ಬಹುಮಟ್ಟಿಗೆ ಗಂಡಸರ ಗಡಿ. ಹೆಂಗಸರ ನಾಳ ಮೊದಲೇ ಸಣ್ಣದಾದ್ದರಿಂದ ಅದು ಕಡಿಮೆ ಅಗಲದಲ್ಲೇ ಒಡೆಯಬಹುದು; ಬ್ರಿಟನ್ನಿನ 1998ರ ಗುಂಪಿನಲ್ಲೇ ಹೆಂಗಸರ ಉಬ್ಬು ಒಡೆಯುವ ಅಪಾಯ ಗಂಡಸರಿಗಿಂತ ಸುಮಾರು ಮೂರು ಪಟ್ಟು ಕಂಡುಬಂದಿತ್ತು. ಹಾಗೆಂದು ಆಪರೇಷನ್ ಅವರಿಗೆ ಸುಲಭವೂ ಅಲ್ಲ, ಎರಡೂ ವಿಧಾನಗಳಲ್ಲಿ ಹೆಂಗಸರಿಗೆ ಅಪಾಯ ಹೆಚ್ಚು. ಹೆಂಗಸರಿಗೆ 5 ಸೆಂಟಿಮೀಟರಿನಲ್ಲೇ ಆಪರೇಷನ್ ಬಗ್ಗೆ ಯೋಚಿಸಬಹುದೆಂದು ಮಾರ್ಗಸೂಚಿಗಳು ಹೇಳುತ್ತವೆ. "ನಿಮ್ಮ 5.3ಕ್ಕೆ ನನ್ನ ಬಳಿ ಖಚಿತವಾದ ಉತ್ತರವಿಲ್ಲ. ಇದನ್ನು ನಾವಿಬ್ಬರೂ ಸೇರಿಯೇ ತೀರ್ಮಾನಿಸಬೇಕು" ಎಂದರು. ಖಚಿತ ಉತ್ತರವಿಲ್ಲವೆಂದು ಅವರು ಬಾಯಿಬಿಟ್ಟು ಹೇಳಿದ ಆ ಗಳಿಗೆಯಲ್ಲೇ ನನಗೆ ಅವರ ಮೇಲೆ ನಂಬಿಕೆ ಹುಟ್ಟಿತು. ನಿಮ್ಮ ವಿಭಾಗದಲ್ಲಿ ವರ್ಷಕ್ಕೆ ಇಂಥ ಆಪರೇಷನ್ ಎಷ್ಟಾಗುತ್ತವೆ, ಅವರೆಲ್ಲ ಹೇಗಿದ್ದಾರೆ ಎಂದು ಕೇಳಿದಾಗಲೂ ಬೇಸರಿಸಿಕೊಳ್ಳದೆ ತಮ್ಮ ಲೆಕ್ಕ ತೋರಿಸಿದರು. ಈ ಪ್ರಶ್ನೆ ಕೇಳಲು ಸಂಕೋಚಪಡಬೇಡಿ.

ಹಾಳೆಯ ಬಲತುದಿಯಲ್ಲಿ ಅವರು ಒಂದು ಅಂಕಣವನ್ನು ಖಾಲಿ ಬಿಟ್ಟಿದ್ದರು. ಮೇಲೆ "ನಿಮಗೆ ಇದರಲ್ಲಿ ಯಾವುದು ಮುಖ್ಯ?" ಎಂದು ಮಾತ್ರ ಬರೆದಿತ್ತು. ಅದನ್ನು ಮನೆಗೆ ಒಯ್ದು ತುಂಬಿಕೊಂಡು ಬರಬೇಕು, ಅವಸರವಿಲ್ಲ, ಎರಡು ಮೂರು ವಾರ ತೆಗೆದುಕೊಳ್ಳಿ ಎಂದರು. ನಾನು ಮಾತ್ರ ಅಲ್ಲೇ ಉತ್ತರ ಹೇಳಿಬಿಟ್ಟೆ: ಸ್ಟೆಂಟ್ ಹಾಕಿ, ನನ್ನ ಯಜಮಾನರನ್ನು ಎಬ್ಬಿಸಿ ಕುಳ್ಳಿರಿಸುವವಳು ನಾನೊಬ್ಬಳೇ, ಮೂರು ತಿಂಗಳು ಭಾರ ಎತ್ತದೆ ಇರಲು ನನ್ನಿಂದಾಗದು. ಅವರು ಅದನ್ನು ನನ್ನ ಕಡತದಲ್ಲಿ ಬರೆದುಕೊಂಡರು, ಆದರೂ ಹಾಳೆಯನ್ನು ನನ್ನ ಕೈಗೇ ಕೊಟ್ಟರು.

ಮನೆಯಲ್ಲಿ ತಲೆಗೊಂದು ಮಾತು. ಮಗನಿಗೆ ನಾಳೆಯೇ ಸ್ಟೆಂಟ್ ಹಾಕಿಸಿ ಮುಗಿಸಬೇಕೆಂಬ ಆತುರ. ಫೋನಿನಲ್ಲಿ ಅವನ ದನಿ ನಡುಗುತ್ತಿತ್ತು. ಮಗಳಿಗೆ ಗಿಡ್ಡ ಕುತ್ತಿಗೆಯ ಮಾತೇ ತಲೆಯಲ್ಲಿ ಕೊರೆಯುತ್ತಿತ್ತು. ಇಬ್ಬರೂ ನನ್ನ ಮೇಲಿನ ಪ್ರೀತಿಯಿಂದಲೇ ಮಾತನಾಡುತ್ತಿದ್ದರು, ಆದರೆ ಇಬ್ಬರೂ ನನ್ನ ಪರವಾಗಿ ತೀರ್ಮಾನಿಸುತ್ತಿದ್ದರು. ಮೂರನೆಯ ರಾತ್ರಿ ಮಕ್ಕಳನ್ನು ಸುಮ್ಮನಿರಿಸಿ, ಹಾಳೆಯನ್ನು ಯಜಮಾನರ ಹಾಸಿಗೆಯ ಮೇಲೆ ಹರಡಿ, ಅವರಿಗೆ ಎಲ್ಲವನ್ನೂ ನಿಧಾನವಾಗಿ ವಿವರಿಸಿದೆ. ಪಾರ್ಶ್ವವಾಯುವಿನ ನಂತರ ಅವರಿಗೆ ಮಾತು ಹೊರಡುವುದಿಲ್ಲ, ಆದರೆ ಎಲ್ಲವೂ ಅರ್ಥವಾಗುತ್ತದೆ. ಅವರು ಬಹಳ ಹೊತ್ತು ಚುಕ್ಕೆಗಳನ್ನು ನೋಡಿದರು. ಆಮೇಲೆ ಎಡಗೈ ಎತ್ತಿ ಐದು ಬೆರಳು ಬಿಡಿಸಿ ತೋರಿಸಿ, ಮುಷ್ಟಿ ಮಡಚಿ, ಮತ್ತೆ ಐದು ಬೆರಳು ಬಿಡಿಸಿ ತೋರಿಸಿದರು. ಹತ್ತು. ಮೊದಲು ನನಗೆ ತಿಳಿಯಲಿಲ್ಲ. ಅವರು ಬೆರಳಿನಿಂದ ನನ್ನನ್ನು ಮುಟ್ಟಿ ಮತ್ತೆ ಹತ್ತು ತೋರಿಸಿದಾಗ ಅರ್ಥವಾಯಿತು: ಅವರಿಗೆ ನಾನು ಈ ಮೂರು ತಿಂಗಳಿಗಲ್ಲ, ಇನ್ನೂ ಹತ್ತು ವರ್ಷಕ್ಕೆ ಬೇಕಾಗಿದ್ದೆ. ಆ ರಾತ್ರಿಯೇ ಖಾಲಿ ಅಂಕಣ ತುಂಬಿದೆ. "ಹತ್ತು ವರ್ಷದ ಮಾತು ಮುಖ್ಯ. ಪದೇ ಪದೇ ಸ್ಕ್ಯಾನಿಂಗಿನ ಭಯ ಬೇಡ. ಮೂತ್ರಪಿಂಡ ಉಳಿಯಬೇಕು. ಮೂರು ತಿಂಗಳಿಗೆ ಇವರನ್ನು ನೋಡಿಕೊಳ್ಳಲು ಜನ ಬೇಕು."

ಮುಂದಿನ ಭೇಟಿಯಲ್ಲಿ ವೈದ್ಯರು ಅದನ್ನು ಎರಡು ಸಲ ಓದಿದರು. ಹತ್ತು ವರ್ಷದ ಲೆಕ್ಕ ಹಿಡಿದರೆ ತೆರೆದ ಆಪರೇಷನ್ನೇ ಸರಿಯೆಂಬ ಕಡೆಗೆ ನಾವಿಬ್ಬರೂ ಬಂದೆವು. ತೆರೆದ ಆಪರೇಷನ್ ಎಂದರೆ ಏನೆಂದು ನಾನು ತಿಳಿದುಕೊಂಡಿದ್ದೇನೋ ಅದನ್ನು ನನ್ನ ಮಾತಿನಲ್ಲೇ ಹೇಳುವಂತೆ ಕೇಳಿದರು. ನನ್ನ ಪರೀಕ್ಷೆಗಲ್ಲ, ತಾವು ಸರಿಯಾಗಿ ವಿವರಿಸಿದ್ದೇವೋ ಇಲ್ಲವೋ ನೋಡಿಕೊಳ್ಳಲು ಎಂದರು. ಮೂತ್ರಪಿಂಡ, ಹೃದಯ, ಕಾಲಿನ ರಕ್ತಸಂಚಾರ ಎಲ್ಲ ಹೇಳಿದೆ. ಕರುಳಿಗೆ ರಕ್ತ ಕಡಿಮೆಯಾಗುವ ಅಪಾಯ ಮತ್ತು ಹೊಲಿಗೆಯ ಜಾಗದಲ್ಲಿ ಹರ್ನಿಯಾ ಬರುವ ಸಾಧ್ಯತೆ ಬಿಟ್ಟುಹೋಗಿದ್ದವು, ಅವನ್ನು ಮತ್ತೆ ತಿಳಿಸಿದರು. ಏನೂ ಮಾಡಿಸಿಕೊಳ್ಳದಿರುವ ಹಕ್ಕೂ ನನಗಿದೆಯೆಂದು ಒತ್ತಿ ಹೇಳಿದರು. ಐನ್‌ಸ್ಟೈನ್ ಅವರಿಗೂ ಇದೇ ಕಾಯಿಲೆಯಿತ್ತು; 1948ರಲ್ಲಿ ಅವರ ಉಬ್ಬಿಗೆ ಸೆಲ್ಲೋಫೇನ್ ಹಾಳೆ ಸುತ್ತಿದ್ದರು, 1955ರಲ್ಲಿ ಅದು ಒಡೆದಾಗ 76ರ ವಯಸ್ಸಿನ ಅವರು ಮತ್ತೆ ಶಸ್ತ್ರಚಿಕಿತ್ಸೆ ಬೇಡವೆಂದರು. ವಯಸ್ಸಾಗಿ, ಬೇರೆ ಕಾಯಿಲೆಗಳಿಂದ ಬಳಲಿದವರಿಗೆ ಬೇಡ ಎನ್ನುವುದೂ ಪೂರ್ಣ ತಿಳಿವಳಿಕೆಯ ತೀರ್ಮಾನವೇ ಆಗಿರಬಲ್ಲದು, ಅಂಥವರನ್ನು ಮನೆಯವರು ಹೆದರಿಸಿ ಒಪ್ಪಿಸಬಾರದು ಎಂದು ನನಗೂ ಅನ್ನಿಸುತ್ತದೆ.

ನಮ್ಮ ತೀರ್ಮಾನ ಅಲ್ಲಿಗೆ ಮುಗಿಯಲಿಲ್ಲ, ಅರಿವಳಿಕೆ ತಜ್ಞರ ಮುಂದೆ ಮತ್ತೆ ತೆರೆದುಕೊಂಡಿತು. ಹೃದಯದ ಎಕೋ, ಶ್ವಾಸಕೋಶದ ಪರೀಕ್ಷೆ, ಮುಖಕ್ಕೆ ಮಾಸ್ಕ್ ಕಟ್ಟಿ ಸೈಕಲ್ ತುಳಿಸುವ ಪರೀಕ್ಷೆ ಎಲ್ಲ ಆದವು. ಸೈಕಲ್ಲಿನ ಫಲಿತಾಂಶ ಅಷ್ಟು ಚೆನ್ನಾಗಿರಲಿಲ್ಲ. ಐದು ಚುಕ್ಕೆ ಎಂಬುದು ಸರಾಸರಿ, ಈಗಿನ ಸ್ಥಿತಿಯಲ್ಲಿ ನಿಮ್ಮ ಪಾಲಿಗೆ ಅದು ಸ್ವಲ್ಪ ಹೆಚ್ಚು ಎಂದು ಅವರು ನೇರವಾಗಿ ಹೇಳಿದರು. ಮತ್ತೆ ಮನಸ್ಸು ಕುಸಿಯಿತು. ಆದರೆ ಆರು ವಾರ ದಿನವೂ ವೇಗವಾಗಿ ನಡೆದು, ಉಸಿರಾಟದ ವ್ಯಾಯಾಮ ಮಾಡಿ, ರಕ್ತಹೀನತೆಗೆ ಕಬ್ಬಿಣಾಂಶ ತೆಗೆದುಕೊಂಡು ಬಂದರೆ ಮತ್ತೆ ನೋಡೋಣ ಎಂಬ ದಾರಿಯನ್ನೂ ತೋರಿಸಿದರು. ನಡೆದೆ. ಆರು ವಾರದ ನಂತರದ ಫಲಿತಾಂಶ ನೋಡಿ ಇಬ್ಬರು ವೈದ್ಯರೂ ನಾನೂ ಒಟ್ಟಿಗೆ ಕುಳಿತು ತೆರೆದ ಆಪರೇಷನ್ನನ್ನೇ ಖಚಿತಪಡಿಸಿದೆವು. ನಿಮಗೆ ಹೇಳುವ ಅಂಕಿ ಯಾರ ಅಂಕಿ, ಸರಾಸರಿಯದೋ ನಿಮ್ಮದೋ ಎಂದು ಕೇಳುವುದನ್ನು ಮರೆಯಬೇಡಿ.

ಖರ್ಚಿನ ವಿಷಯ. ಸ್ಟೆಂಟಿನಲ್ಲಿ ದುಬಾರಿಯಾದದ್ದು ಆ ಸಾಧನವೇ. ತೆರೆದ ಆಪರೇಷನ್ನಿನಲ್ಲಿ ಕೊಳವೆ ಅಗ್ಗ, ಆದರೆ ತೀವ್ರ ನಿಗಾ ಘಟಕ ಮತ್ತು ಹಾಸಿಗೆಯ ದಿನಗಳು ಹೆಚ್ಚು. ಸ್ಟೆಂಟಿನ ಅಂದಾಜಿಗೆ ಮುಂದಿನ ವರ್ಷಗಳ ಸ್ಕ್ಯಾನಿಂಗ್‌ಗಳನ್ನೂ ಮತ್ತೆ ಬೇಕಾಗಬಹುದಾದ ಚಿಕಿತ್ಸೆಯನ್ನೂ ಸೇರಿಸಿ ಹೋಲಿಸಬೇಕು. ವಿಮೆಯಿದ್ದರೆ ವಿಧಾನದ ಹೆಸರು ಸರಿಯಾಗಿ ನಮೂದಾಗಿರುವ ವೈದ್ಯರ ಪತ್ರ ಬೇಕಾಗುತ್ತದೆ. ನಾನು ವಿಧಾನ ಬದಲಿಸಿದ್ದರಿಂದ ಅನುಮತಿಯನ್ನು ಹೊಸದಾಗಿ ಪಡೆಯಬೇಕಾಗಿ ಹನ್ನೊಂದು ದಿನ ಹೋಯಿತು. ನಾವು ಲೆಕ್ಕಕ್ಕೇ ಹಿಡಿಯದಿದ್ದದ್ದು ಮನೆಯ ಖರ್ಚು: ಯಜಮಾನರನ್ನು ನೋಡಿಕೊಳ್ಳಲು ಮೂರು ತಿಂಗಳು ಇಟ್ಟುಕೊಂಡ ಸಹಾಯಕನ ಸಂಬಳ, ಮಗಳು ಸಂಬಳವಿಲ್ಲದೆ ಹಾಕಿದ ರಜೆ.

ಆಪರೇಷನ್ನಿನ ದಿನ ಬೆಳಿಗ್ಗೆಯಿಂದ ಉಪವಾಸವಿದ್ದು, ಆಸ್ಪತ್ರೆಯ ಬಟ್ಟೆ ತೊಟ್ಟು ಕಾದೆ. ಮಧ್ಯಾಹ್ನ ಎರಡರ ಹೊತ್ತಿಗೆ, ರಾತ್ರಿ ಬಂದ ತುರ್ತು ರೋಗಿಯಿಂದಾಗಿ ನಿಗಾ ಘಟಕದಲ್ಲಿ ಹಾಸಿಗೆಯಿಲ್ಲ, ಇಂದು ಆಗದು ಎಂದರು. ಅಷ್ಟು ದಿನ ಕಟ್ಟಿಕೊಂಡ ಧೈರ್ಯವೆಲ್ಲ ಒಡೆದು ಆಸ್ಪತ್ರೆಯ ಹಜಾರದಲ್ಲೇ ಅತ್ತೆ. ಎಂಟು ದಿನದ ನಂತರ ಮತ್ತೆ ದಾಖಲಾದೆ. ಹಿಂದಿನ ರಾತ್ರಿ ಕಿರಿಯ ವೈದ್ಯರೊಬ್ಬರು ಒಪ್ಪಿಗೆ ಪತ್ರ ತಂದು, ಗುರುತು ಹಾಕಿದಲ್ಲಿ ಸಹಿ ಮಾಡಿ ಎಂದರು. ಕನ್ನಡಕ ಹಾಕಿಕೊಂಡು ಓದಿದೆ. ಅದರಲ್ಲಿ ಸ್ಟೆಂಟ್ ಗ್ರಾಫ್ಟ್ ಎಂದು ಬರೆದಿತ್ತು. ಆ ಮುಖ್ಯ ಭೇಟಿಯಲ್ಲಿ ನಾನು ಆತುರದಿಂದ ಆಡಿದ ಮಾತು ಕಡತದಲ್ಲಿ ಹಾಗೆಯೇ ಉಳಿದು, ಅಲ್ಲಿಂದ ಪತ್ರಕ್ಕೆ ಇಳಿದಿತ್ತು. ಸಹಿ ಮಾಡುವುದಿಲ್ಲವೆಂದೆ. ಆ ವೈದ್ಯರು ಗಾಬರಿಯಿಂದ ಫೋನ್ ಮಾಡಿದರು; ಒಂದು ಗಂಟೆಯೊಳಗೆ ಶಸ್ತ್ರಚಿಕಿತ್ಸಕರೇ ಬಂದು, ಕ್ಷಮೆ ಕೇಳಿ, ಹೊಸ ಪತ್ರವನ್ನು ತಮ್ಮ ಕೈಯಿಂದ ಬರೆದು, ಸಾಲು ಸಾಲಾಗಿ ಓದಿ ಹೇಳಿದರು. ಆಪರೇಷನ್ ಥಿಯೇಟರಿನ ಒಳಗೆ ಮತ್ತೊಮ್ಮೆ ಪರಿಶೀಲಿಸುವ ಕ್ರಮವಿದೆ, ತಪ್ಪು ಅಲ್ಲಿಯಾದರೂ ಸಿಗುತ್ತಿತ್ತು ಎಂದು ಆಮೇಲೆ ಕೇಳಿದೆ. ಆದರೂ ಪ್ರತಿ ಭೇಟಿಯ ಕೊನೆಯಲ್ಲಿ "ಇಂದು ಏನು ತೀರ್ಮಾನವಾಯಿತೆಂದು ಬರೆದಿರಿ?" ಎಂದು ಕೇಳಿ, ಅದರ ಒಂದು ಪ್ರತಿ ಪಡೆದುಕೊಳ್ಳಿ. ಒಪ್ಪಿಗೆ ಪತ್ರವನ್ನು ಹಿಂದಿನ ರಾತ್ರಿಗೆ ಬಿಡದೆ, ಕೆಲವು ದಿನ ಮೊದಲೇ ಕೇಳಿ ಓದಿಕೊಳ್ಳಿ.

ಆಪರೇಷನ್ ನಾಲ್ಕು ಗಂಟೆ ನಡೆಯಿತಂತೆ. ಎರಡು ದಿನ ನಿಗಾ ಘಟಕದಲ್ಲಿದ್ದೆ. ಎದೆಮೂಳೆಯ ಕೆಳಗಿನಿಂದ ಹೊಕ್ಕುಳು ದಾಟಿ ಹೊಲಿಗೆ. ಬೆನ್ನಿಗೆ ಹಾಕಿದ್ದ ನಳಿಕೆಯಿಂದ ನೋವು ಸಹಿಸುವಷ್ಟಿತ್ತು. ಕರುಳು ಚಲಿಸಲು ನಾಲ್ಕು ದಿನ ಹಿಡಿಯಿತು, ಅಲ್ಲಿಯವರೆಗೆ ಗುಟುಕು ನೀರಷ್ಟೇ. ಒಂಬತ್ತನೆಯ ದಿನ ಮನೆಗೆ ಬಂದೆ. ಎಲ್ಲ ಅಪಾಯಗಳನ್ನೂ ಕೇಳಿ ತಿಳಿದಿದ್ದ ನನಗೆ ಯಾರೂ ಹೇಳದಿದ್ದದ್ದು, ನಾನೂ ಕೇಳದಿದ್ದದ್ದು, ಮನಸ್ಸಿನ ಸ್ಥಿತಿ. ಎರಡು ತಿಂಗಳು ಯಾವುದೂ ರುಚಿಸಲಿಲ್ಲ, ಕಾರಣವಿಲ್ಲದೆ ಕಣ್ಣು ತುಂಬುತ್ತಿತ್ತು, ಸ್ಟೆಂಟನ್ನೇ ಹಾಕಿಸಿಕೊಳ್ಳಬೇಕಿತ್ತೇನೋ ಎಂದು ಹಲವು ರಾತ್ರಿ ಹಳಹಳಿಸಿದೆ. ಪಕ್ಕದ ಹಾಸಿಗೆಯಿಂದ ಯಜಮಾನರು ಎಡಗೈ ಚಾಚಿ ನನ್ನ ಕೈ ಹಿಡಿದುಕೊಳ್ಳುತ್ತಿದ್ದರು. ದೊಡ್ಡ ಆಪರೇಷನ್ನಿನ ನಂತರ ಇದು ಅನೇಕರಿಗೆ ಆಗುತ್ತದೆಂದು ಆರನೆಯ ವಾರದ ಭೇಟಿಯಲ್ಲಿ ತಿಳಿಯಿತು. ಆ ಮಾತು ಮೊದಲೇ ಹಾಳೆಯಲ್ಲಿ ಇದ್ದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತೆಂದು ನಾನು ಹೇಳಿದಾಗ, ವೈದ್ಯರು ಅದನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಮೂರನೆಯ ತಿಂಗಳ ಕೊನೆಗೆ ಶಕ್ತಿ ಮರಳಿತು. ಮೂತ್ರಪಿಂಡಗಳು ಮೊದಲಿದ್ದಂತೆಯೇ ಇವೆ. ಮುಂದಿನ ದೊಡ್ಡ ಸ್ಕ್ಯಾನಿಂಗ್ ಐದು ವರ್ಷಕ್ಕೆ.

ಕಳೆದ ವಾರ ನನ್ನ ತಮ್ಮ ಕೊನೆಗೂ ಅಲ್ಟ್ರಾಸೌಂಡ್ ಮಾಡಿಸಿಕೊಂಡ. "ಅಕ್ಕಾ, 3.4 ಅಂತೆ" ಎಂದು ಫೋನ್ ಮಾಡಿದಾಗ ಅವನ ದನಿಯಲ್ಲಿ ನನ್ನ ಮೊದಲ ದಿನದ ನಡುಕವೇ ಕೇಳಿಸಿತು. 3.4ಕ್ಕೆ ಆಪರೇಷನ್ನಿನ ಮಾತೇ ಇಲ್ಲ, ಸಿಗರೇಟು ಬಿಡು, ವೈದ್ಯರು ಹೇಳಿದ ಕಾಲಕ್ಕೆ ತಪ್ಪದೆ ಸ್ಕ್ಯಾನಿಂಗ್ ಮಾಡಿಸು ಎಂದೆ. ಆಮೇಲೆ ಫೈಲಿನಿಂದ ಆ ನೀಲಿ ಶಾಯಿಯ ಹಾಳೆಯನ್ನು ತೆಗೆದು, ಬಲತುದಿಯಲ್ಲಿ ನಾನು ಬರೆದದ್ದು ಕಾಣದಂತೆ ಬಿಳಿ ಕಾಗದ ಮುಚ್ಚಿ, ಜೆರಾಕ್ಸ್ ಮಾಡಿಸಿ ಅವನಿಗೆ ಕಳುಹಿಸಿದೆ.